ಹೆಸರು ಯಾರದು, ಕೆಲಸ ಯಾರದು: ಕಾರ್ಯಾದೇಶದಲ್ಲೇ ಬರೆಯಿರಿ

ಕನ್ನಡದ ಮುಕ್ತ ತಂತ್ರಾಂಶ, ಫಾಂಟ್, ಕೀಲಿಮಣೆಗಳಿಗೆ ಹಣ ಕೊಡುವ ಇಲಾಖೆ, ಪ್ರಾಧಿಕಾರ, ವಿಶ್ವವಿದ್ಯಾಲಯಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಸರ್ಕಾರಿ ಕೆಲಸಕ್ಕೆ ಮುಕ್ತ ತಂತ್ರಾಂಶಕ್ಕೇ ಆದ್ಯತೆ ಎಂಬ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಹೊರಡಿಸಿದೆ. ಹಾಗಾಗಿ ಟೆಂಡರಿನಲ್ಲಿ "ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡತಕ್ಕದ್ದು" ಎಂಬ ಒಂದು ಸಾಲು ಸೇರಿಸಿದರೆ ಕೆಲಸ ಮುಗಿಯಿತು ಅನ್ನಿಸುವುದು ಸಹಜ. ಆದರೆ ಮುಗಿಯುವುದಿಲ್ಲ. ಕೋಡನ್ನು (ತಂತ್ರಾಂಶದ ಮೂಲ ಬರಹವನ್ನು) ಯಾರು ಬಳಸಬಹುದು, ತಿದ್ದಬಹುದು, ಹಂಚಬಹುದು ಎಂಬುದನ್ನಷ್ಟೇ ಆ ಸಾಲು ತೀರ್ಮಾನಿಸುತ್ತದೆ. ತಂತ್ರಾಂಶದ ಹೆಸರು ಯಾರ ಕೈಯಲ್ಲಿರಬೇಕು, ಅದನ್ನು ಮಾಡಿದವರು ಯಾರೆಂಬುದು ಎಲ್ಲಿ ದಾಖಲಾಗಬೇಕು ಎಂಬ ಇನ್ನೆರಡು ಪ್ರಶ್ನೆಗಳು ಹಾಗೇ ಉಳಿಯುತ್ತವೆ. ಇವೆರಡಕ್ಕೂ ಉತ್ತರವನ್ನು ಮೊದಲ ಕಂತಿನ ಹಣ ಬಿಡುಗಡೆಯಾಗುವ ಮುನ್ನವೇ ಬರೆದಿಡಿ ಎಂದು ಕೇಳುವುದಕ್ಕಾಗಿ ಈ ಪತ್ರ.

ಪರವಾನಗಿಗಳು ಈ ವಿಷಯದಲ್ಲಿ ಎಷ್ಟು ದೂರ ಬರುತ್ತವೆ ಎಂಬುದು ಮೊದಲು ಸ್ಪಷ್ಟವಾಗಲಿ. ಎಂಐಟಿ, ಬಿಎಸ್‌ಡಿ, ಅಪಾಚೆ, ಜಿಪಿಎಲ್ ಇವು ಹೆಚ್ಚು ಬಳಕೆಯಲ್ಲಿರುವ ಮುಕ್ತ ಪರವಾನಗಿಗಳು. ಎಂಐಟಿ ಮತ್ತು ಬಿಎಸ್‌ಡಿ ಹಕ್ಕುಸ್ವಾಮ್ಯದ ಸಾಲನ್ನು ಅಳಿಸಬೇಡಿ ಎನ್ನುತ್ತವೆ. ಎಂಐಟಿಯಲ್ಲಿ ಹೆಸರಿನ ಮಾತೇ ಇಲ್ಲ. ಅಪಾಚೆ 2.0 ತನ್ನ 6ನೇ ಕಲಮಿನಲ್ಲಿ ಟ್ರೇಡ್‌ಮಾರ್ಕ್ ಬಳಸುವ ಅನುಮತಿ ಇದರಲ್ಲಿ ಸೇರಿಲ್ಲ ಎಂದು ನೇರವಾಗಿಯೇ ಹೇಳುತ್ತದೆ. 4ನೇ ಕಲಮಿನಲ್ಲಿ ನೋಟಿಸ್ ಎಂಬ ಫೈಲಿನ ಒಕ್ಕಣೆಯನ್ನು ಮುಂದಿನವರಿಗೂ ದಾಟಿಸಬೇಕು ಎನ್ನುತ್ತದೆ. ಜಿಪಿಎಲ್ 3ರ 7ನೇ ಕಲಮು ಮೂಲದ ಬಗ್ಗೆ ಸುಳ್ಳು ಹೇಳಬಾರದು, ಟ್ರೇಡ್‌ಮಾರ್ಕ್ ಕೊಟ್ಟಿಲ್ಲ ಎಂಬ ಷರತ್ತುಗಳನ್ನು ಸೇರಿಸಿಕೊಳ್ಳಲು ಬಿಡುತ್ತದೆ. ಸೇರಿಸುವ ಕೆಲಸ ಮಾತ್ರ ನಿಮ್ಮದು. ಅಂದರೆ ಕೋಡ್ ಪೂರ್ತಿ ಮುಕ್ತವಾಗಿದ್ದರೂ ಹೆಸರು ಒಬ್ಬರ ಬಳಿಯೇ ಉಳಿಯಬಹುದು, ಮತ್ತು ಬರೆದವರ ಹೆಸರು ಎಲ್ಲೂ ಕಾಣದೇ ಹೋಗಬಹುದು. ಪರವಾನಗಿ ಮುರಿಯದೆಯೇ ಎರಡೂ ಆಗುತ್ತವೆ.

ಹೆಸರಿನ ಜಗಳ ಎಷ್ಟು ಕಾಲ ಎಳೆಯಬಲ್ಲದು ಎಂಬುದಕ್ಕೆ ಡೆಬಿಯನ್ (ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯನ್ನು ಇತರ ತಂತ್ರಾಂಶಗಳೊಂದಿಗೆ ಹಂಚುವ ಯೋಜನೆ) ಮತ್ತು ಮೊಜಿಲ್ಲಾ (ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಸಂಸ್ಥೆ) ನಡುವಿನ ಪ್ರಕರಣ ನೋಡಿ. ಫೈರ್‌ಫಾಕ್ಸಿನ ಕೋಡ್ ಮುಕ್ತವಾಗಿತ್ತು, ಲಾಂಛನದ ಚಿತ್ರ ಮುಕ್ತವಾಗಿರಲಿಲ್ಲ. ಡೆಬಿಯನ್ ತನ್ನ ನಿಯಮದಂತೆ ಲಾಂಛನವನ್ನು ಬಿಟ್ಟು, ಹೆಸರನ್ನು ಇಟ್ಟುಕೊಂಡು ಹಂಚುತ್ತಿತ್ತು. 2006ರಲ್ಲಿ ಮೊಜಿಲ್ಲಾ, ಹೆಸರು ಬೇಕಿದ್ದರೆ ಲಾಂಛನವೂ ಇರಬೇಕು, ನೀವು ಮಾಡುವ ತಿದ್ದುಪಡಿಗಳಿಗೆ ನಮ್ಮ ಒಪ್ಪಿಗೆಯೂ ಬೇಕು ಎಂದಿತು. ಹಳೆಯ ಸ್ಥಿರ ಆವೃತ್ತಿಗೆ ಭದ್ರತಾ ತಿದ್ದುಪಡಿಗಳನ್ನು ತಾನೇ ಅಳವಡಿಸುವ ಡೆಬಿಯನ್‌ಗೆ ಅದು ಒಪ್ಪಿಗೆಯಾಗಲಿಲ್ಲ. ಫೈರ್‌ಫಾಕ್ಸ್ ಐಸ್‌ವೀಸಲ್ ಆಯಿತು, ಮೊಜಿಲ್ಲಾದ ಇಮೇಲ್ ತಂತ್ರಾಂಶ ಥಂಡರ್‌ಬರ್ಡ್ ಐಸ್‌ಡವ್ ಆಯಿತು. ಹತ್ತು ವರ್ಷ ಹಾಗೇ ನಡೆದು, 2016ರಲ್ಲಿ ಫೈರ್‌ಫಾಕ್ಸ್ ಎಂಬ ಹೆಸರು ಡೆಬಿಯನ್‌ಗೆ ಮರಳಿತು. ಇಲ್ಲಿ ಯಾರದೂ ದುರುದ್ದೇಶವಿರಲಿಲ್ಲ ಎಂದೇ ನಮ್ಮ ಅಭಿಪ್ರಾಯ. ಕಳಪೆ ನಕಲುಗಳು ತನ್ನ ಹೆಸರಿನಲ್ಲಿ ಓಡಾಡಬಾರದೆಂಬ ಮೊಜಿಲ್ಲಾದ ಕಾಳಜಿಯೂ ನ್ಯಾಯವಾದದ್ದೇ. ಯಾವ ಮಟ್ಟದ ತಿದ್ದುಪಡಿಯವರೆಗೆ ಹೆಸರು ಉಳಿಸಿಕೊಳ್ಳಬಹುದು ಎಂಬ ಒಂದು ಪುಟದ ನಿಯಮ ಮೊದಲೇ ಇದ್ದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ಭದ್ರತಾ ತಿದ್ದುಪಡಿ, ಅನುವಾದ, ಬೇರೆ ವ್ಯವಸ್ಥೆಗೆ ಹೊಂದಿಸುವ ಬದಲಾವಣೆಗಳಿಗೆ ಅನುಮತಿ ಬೇಡ. ಸೌಲಭ್ಯ ಸೇರಿಸಿದರೆ ಅಥವಾ ತೆಗೆದರೆ ಬೇರೆ ಹೆಸರಿಡಬೇಕು ಎಂಬಷ್ಟು ಸರಳವಾಗಿದ್ದರೂ ಸಾಕು.

ಹೆಸರು ಕಂಪನಿಯ ಆಸ್ತಿಯಾದರೆ ಏನಾಗುತ್ತದೆಂಬುದಕ್ಕೆ ಹಡ್ಸನ್ ಉದಾಹರಣೆ. ಕೊಹ್ಸುಕೆ ಕವಾಗುಚಿ ಸನ್ ಕಂಪನಿಯಲ್ಲಿದ್ದಾಗ ಬರೆದ, ಕೋಡ್ ಬದಲಾದಾಗಲೆಲ್ಲ ಅದನ್ನು ತಾನಾಗಿ ಜೋಡಿಸಿ ಪರೀಕ್ಷಿಸುವ ತಂತ್ರಾಂಶ ಅದು. 2010ರಲ್ಲಿ ಸನ್ ಒರೇಕಲ್ ಪಾಲಾಯಿತು. ಹಡ್ಸನ್ ಎಂಬ ಹೆಸರು ತನ್ನದೆಂದು ಒರೇಕಲ್ ಹೇಳಿತು. 2011ರ ಜನವರಿಯಲ್ಲಿ ಸಮುದಾಯ ಮತ ಹಾಕಿತು: ಹೆಸರು ಬದಲಿಸಲು 214, ಬೇಡವೆನ್ನಲು 14. ಜೆಂಕಿನ್ಸ್ ಹುಟ್ಟಿದ್ದು ಹೀಗೆ. ಕೆಲಸ ಮಾಡುವವರು ಹೊಸ ಹೆಸರಿನ ಜೊತೆ ಹೋದರು, ಹಳೆಯ ಹೆಸರು ಒಂಟಿಯಾಗಿ ಉಳಿದು ಕೊನೆಗೆ ನಿಂತೇ ಹೋಯಿತು. ಸನ್ ಮೂಲಕವೇ ಒರೇಕಲ್ ಪಾಲಾಗಿದ್ದ ಕಚೇರಿ ತಂತ್ರಾಂಶ ಓಪನ್‌ಆಫೀಸ್‌ನಿಂದ ಲಿಬ್ರೆಆಫೀಸ್ ಬೇರೆಯಾದದ್ದೂ ಅದೇ ಹೊತ್ತಿನಲ್ಲಿ, 2010ರ ಸೆಪ್ಟೆಂಬರಿನಲ್ಲಿ. ಹಳೆಯ ಹೆಸರನ್ನು ಬಿಟ್ಟುಕೊಡಿ ಎಂದು ಒರೇಕಲ್ಲನ್ನು ಕೇಳಿಕೊಂಡು, ಅಲ್ಲಿಯವರೆಗೆ ಇರಲಿ ಎಂದು ಇಟ್ಟ ಹೆಸರೇ ಲಿಬ್ರೆಆಫೀಸ್. ಒರೇಕಲ್ ಓಪನ್‌ಆಫೀಸ್ ಎಂಬ ಹೆಸರನ್ನು ಮರುವರ್ಷ ಅಪಾಚೆ ಫೌಂಡೇಶನ್‌ಗೆ ಕೊಟ್ಟಿತು. ಹೆಸರನ್ನು ಹಿಡಿದಿಟ್ಟುಕೊಂಡವರಿಗೆ ಸಮುದಾಯ ಸಿಗುವುದಿಲ್ಲ, ನಿಜ. ಆದರೆ ಎಲ್ಲಿಂದ ಇಳಿಸಿಕೊಳ್ಳಬೇಕು, ಯಾವುದು ಅಸಲಿ ಎಂದು ತಿಳಿಯದೆ ವರ್ಷಗಟ್ಟಲೆ ಪೇಚಾಡುವವರು ಬಳಕೆದಾರರು.

ನಿಮ್ಮ ಯೋಜನೆಗಳಲ್ಲಿ ಹೆಸರು ಎಂದರೆ ಬರಿಯ ಟ್ರೇಡ್‌ಮಾರ್ಕ್ ಅಲ್ಲ. ಜಾಲತಾಣದ ಡೊಮೈನ್, ಕೋಡ್ ಇರುವ ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್ ಸಂಸ್ಥಾ ಖಾತೆ, ಪ್ಲೇ ಸ್ಟೋರ್ ಖಾತೆ, ಆ್ಯಪ್‌ಗೆ ಡಿಜಿಟಲ್ ಸಹಿ ಹಾಕುವ ಕೀಲಿ, ಇಷ್ಟೂ ಸೇರಿಯೇ ಹೆಸರು. ಇವು ಗುತ್ತಿಗೆದಾರನ ನೌಕರರೊಬ್ಬರ ಸ್ವಂತ ಇಮೇಲಿನಲ್ಲಿ ತೆರೆದುಕೊಂಡಿದ್ದರೆ, ಗುತ್ತಿಗೆ ಮುಗಿದ ದಿನ ಕೋಡ್ ನಿಮ್ಮ ಬಳಿ ಇರುತ್ತದೆ, ಹೆಸರು ಇರುವುದಿಲ್ಲ. ಆಂಡ್ರಾಯ್ಡ್ ಆ್ಯಪ್‌ನ ಪ್ಯಾಕೇಜ್ ಗುರುತನ್ನು ಒಮ್ಮೆ ಪ್ರಕಟಿಸಿದ ಮೇಲೆ ಬದಲಿಸಲು ಬರುವುದಿಲ್ಲ. ಗುತ್ತಿಗೆದಾರ ತನ್ನ ಕಂಪನಿಯ ಡೊಮೈನಿನಿಂದ ಆ ಗುರುತನ್ನು ಶುರುಮಾಡಿದರೆ ಆ್ಯಪ್ ಇರುವವರೆಗೂ ಅದು ಅಲ್ಲೇ. ಆದ್ದರಿಂದ ಖಾತೆಗಳನ್ನು ಇಲಾಖೆಯ ಹುದ್ದೆಯ ಇಮೇಲಿನಲ್ಲಿ ನೀವೇ ತೆರೆದು, ಕನಿಷ್ಠ ಇಬ್ಬರನ್ನು ಮಾಲೀಕರಾಗಿಟ್ಟು, ಗುತ್ತಿಗೆದಾರರಿಗೆ ಕೆಲಸ ಮಾಡುವಷ್ಟು ಅನುಮತಿ ಮಾತ್ರ ಕೊಡಿ. ಟ್ರೇಡ್‌ಮಾರ್ಕ್ ಬೇಕೆನ್ನಿಸಿದರೆ ತಂತ್ರಾಂಶಕ್ಕೆ 9ನೇ ವರ್ಗ, ಜಾಲಸೇವೆಯಾದರೆ 42ನೇ ವರ್ಗ. ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಣ.

ಇನ್ನು ಜಗಳ ಆಗಿಯೇ ಆಗಿ ಒಂದು ಗುಂಪು ಬೇರೆ ಹೋದಾಗ ಹಳೆಯ ಹೆಸರನ್ನು ಎರಡೂ ಕಡೆ ಬಳಸುವಂತೆ ಮಾತ್ರ ಆಗಬಾರದು. 2011ರಲ್ಲಿ ವಿಡಿಯೊ, ಆಡಿಯೊ ಸಂಸ್ಕರಿಸುವ ತಂತ್ರಾಂಶವಾದ ಎಫ್ಎಫ್‌ಎಂಪೆಗ್‌ನಿಂದ ಲಿಬ್‌ಎವಿ ಬೇರೆಯಾಯಿತು. ಡೆಬಿಯನ್ ಮತ್ತು ಇನ್ನೊಂದು ಲಿನಕ್ಸ್ ವಿತರಣೆಯಾದ ಉಬುಂಟು ಲಿಬ್‌ಎವಿಯನ್ನು ಹಂಚತೊಡಗಿದವು, ಆದರೆ ಪ್ರೋಗ್ರಾಮನ್ನು ಓಡಿಸಲು ಟೈಪಿಸುವ ಹಳೆಯ ಆಜ್ಞೆಯ ಹೆಸರೂ ಹೊಂದಾಣಿಕೆಗೆಂದು ಉಳಿದಿತ್ತು. ಅದನ್ನು ಓಡಿಸಿದವರಿಗೆ, ಈ ಪ್ರೋಗ್ರಾಮ್ ಮುಂದೆ ತೆಗೆದುಹಾಕಲ್ಪಡುತ್ತದೆ, ಬೇರೆಯದನ್ನು ಬಳಸಿ ಎಂಬ ಸೂಚನೆ ಕಾಣಿಸುತ್ತಿತ್ತು. ಎಫ್ಎಫ್‌ಎಂಪೆಗ್ ಯೋಜನೆಯೇ ಮುಚ್ಚಿಹೋಯಿತೆಂದು ಅದನ್ನು ಓದಿಕೊಂಡವರು ಬಹಳ. ಅದು ಚೆನ್ನಾಗಿಯೇ ನಡೆಯುತ್ತಿತ್ತು. ಬೇರೆ ಹೋದವರು ಹೊಸ ಹೆಸರಿಟ್ಟುಕೊಳ್ಳಬೇಕು. ಆ ಹೊಸ ಹೆಸರು ಆಜ್ಞೆ, ಫೋಲ್ಡರ್, ಸೆಟ್ಟಿಂಗ್ ಫೈಲ್, ಐಕಾನ್ ಎಲ್ಲದರಲ್ಲೂ ಇರಬೇಕು. ಮೂಲ ಯಾವುದೆಂದು ಮೊದಲ ಪುಟದಲ್ಲೇ ಹೇಳಬೇಕು.

ಫಾಂಟುಗಳ ವಿಷಯಕ್ಕೆ ಬರೋಣ. ಕನ್ನಡಕ್ಕೆ ನೀವು ಹಣ ಕೊಡುವ ಕೆಲಸಗಳಲ್ಲಿ ಹೆಸರು ಮತ್ತು ಶ್ರೇಯ ಎರಡೂ ಒಂದೇ ಫೈಲಿನೊಳಗೆ ಕೂರುವುದು ಇಲ್ಲಿಯೇ, ಅವು ಸುಲಭವಾಗಿ ಕೆಡುವುದೂ ಇಲ್ಲಿಯೇ. ಮುಕ್ತ ಫಾಂಟುಗಳು ಸಾಮಾನ್ಯವಾಗಿ ಓಪನ್ ಫಾಂಟ್ ಲೈಸೆನ್ಸ್ 1.1ರ ಅಡಿ ಬರುತ್ತವೆ. ಅದರ 3ನೇ ಷರತ್ತು ಕಾಯ್ದಿರಿಸಿದ ಹೆಸರಿನದು: ಹಕ್ಕುದಾರರು ಒಂದು ಹೆಸರನ್ನು ಕಾಯ್ದಿರಿಸಿದ್ದರೆ, ತಿದ್ದಿದ ಆವೃತ್ತಿಗೆ ಆ ಹೆಸರಿಡಲು ಅವರ ಲಿಖಿತ ಅನುಮತಿ ಬೇಕು. ಕೇಳಲು ಒಳ್ಳೆಯದು. ತೊಡಕೆಂದರೆ, ಜಾಲತಾಣಕ್ಕಾಗಿ ಫಾಂಟಿನಿಂದ ಬೇಕಾದ ಅಕ್ಷರಗಳನ್ನಷ್ಟೇ ಕತ್ತರಿಸಿ ತೆಗೆದರೂ ಅದು ತಿದ್ದಿದ ಆವೃತ್ತಿಯೇ. ಹೆಸರು ಕಾಯ್ದಿರಿಸಿದ ಫಾಂಟನ್ನು ನಿಮ್ಮದೇ ಇನ್ನೊಂದು ಇಲಾಖೆ ಹಾಗೆ ಕತ್ತರಿಸಿ ಬಳಸಿದರೆ ಅದೂ ಷರತ್ತಿನ ಉಲ್ಲಂಘನೆ. ಗೂಗಲ್ ಫಾಂಟ್ಸ್ ಕಾಯ್ದಿರಿಸಿದ ಹೆಸರುಳ್ಳ ಹೊಸ ಫಾಂಟುಗಳನ್ನು ಬೇಡವೆನ್ನುವುದಕ್ಕೂ ಇದೇ ಕಾರಣ. ಸಾರ್ವಜನಿಕ ಹಣದಲ್ಲಿ ಆಗುವ ಕನ್ನಡ ಫಾಂಟುಗಳಿಗೆ ಹೆಸರು ಕಾಯ್ದಿರಿಸಬೇಡಿ ಎಂಬುದು ನಮ್ಮ ಸಲಹೆ; ಕಾಯ್ದಿರಿಸಿದರೆ, ಅಕ್ಷರರೂಪ ಬದಲಿಸದೆ ಜಾಲಕ್ಕಾಗಿ ಕತ್ತರಿಸಲು ಅನುಮತಿ ಇದೆ ಎಂಬ ಸಾಲನ್ನು ಪರವಾನಗಿ ಫೈಲಿನ ಪಕ್ಕದಲ್ಲೇ ಪ್ರಕಟಿಸಿ.

ಫಾಂಟ್ ಫೈಲಿನೊಳಗೆ ನೇಮ್ ಎಂಬ ಕೋಷ್ಟಕವಿದೆ, ಅದರಲ್ಲಿ ಪ್ರತಿ ಮಾಹಿತಿಗೂ ಒಂದು ಸಂಖ್ಯೆ. 0 ಹಕ್ಕುಸ್ವಾಮ್ಯ, 1 ಕುಟುಂಬದ ಹೆಸರು, 4 ಪೂರ್ಣ ಹೆಸರು, 6 ಪೋಸ್ಟ್‌ಸ್ಕ್ರಿಪ್ಟ್ ಹೆಸರು, 8 ತಯಾರಕರು, 9 ವಿನ್ಯಾಸಕರು, 13 ಪರವಾನಗಿಯ ಒಕ್ಕಣೆ, 14 ಪರವಾನಗಿಯ ವಿಳಾಸ. ತಪ್ಪುಗಳು ಬಹುತೇಕ ಒಂದೇ ರೀತಿ ಆಗುತ್ತವೆ. ಹೆಸರು ಬದಲಿಸುವವರು 1 ಮತ್ತು 4ನ್ನು ತಿದ್ದಿ 6ನ್ನು ಮರೆಯುತ್ತಾರೆ. ಆಗ ಪಿಡಿಎಫ್‌ನೊಳಗೆ ಹಳೆಯ ಹೆಸರೇ ಕೂರುತ್ತದೆ, ಎರಡೂ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಒಂದರ ಬದಲು ಇನ್ನೊಂದು ಬರುತ್ತದೆ. ಇನ್ನು ಕೆಲವರು 0ಯಲ್ಲಿದ್ದ ಹಳೆಯ ಹಕ್ಕುಸ್ವಾಮ್ಯದ ಸಾಲನ್ನು ಅಳಿಸಿ ತಮ್ಮ ಸಂಸ್ಥೆಯ ಹೆಸರು ಹಾಕುತ್ತಾರೆ. ಮುಕ್ತ ಫಾಂಟನ್ನು ಆಧರಿಸಿ ಮಾಡಿದ ಕೆಲಸದಲ್ಲಿ ಇದು ಶಿಷ್ಟಾಚಾರದ ಪ್ರಶ್ನೆ ಮಾತ್ರವಲ್ಲ, ಪರವಾನಗಿಯ ಉಲ್ಲಂಘನೆ. ಹಳೆಯ ಸಾಲು ಇರಬೇಕು, ಹೊಸ ಸಾಲು ಅದರ ಕೆಳಗೆ ಬರಬೇಕು. ಯಾರ ಗಮನಕ್ಕೂ ಬಾರದ ಮೂರನೆಯ ತಪ್ಪೂ ಒಂದಿದೆ. ಫಾಂಟ್ ಫೈಲುಗಳನ್ನು ತಿದ್ದುವ ಫಾಂಟ್‌ಟೂಲ್ಸ್ ಎಂಬ ತಂತ್ರಾಂಶದ ಕತ್ತರಿಸುವ ಸಲಕರಣೆ ತಾನಾಗಿ 0ಯಿಂದ 6ರವರೆಗಿನ ಹೆಸರುಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ವಿನ್ಯಾಸಕರ ಹೆಸರಿರುವ 9, ಪರವಾನಗಿಯ 13 ಮತ್ತು 14 ಸದ್ದಿಲ್ಲದೆ ಉದುರುತ್ತವೆ. ಎಲ್ಲ ಹೆಸರನ್ನೂ ಉಳಿಸು ಎಂಬ ಆಯ್ಕೆಯನ್ನು ಆಜ್ಞೆಯಲ್ಲಿ ಕೊಟ್ಟರೆ ಸಾಕು. ಫಾಂಟನ್ನು ಸ್ವೀಕರಿಸುವ ಮುನ್ನ ಟಿಟಿಎಕ್ಸ್ ಸಲಕರಣೆಯಿಂದ ಈ ಕೋಷ್ಟಕವನ್ನು ತೆರೆದು ನೋಡಿ, ಅದರ ಮುದ್ರಿತ ಪ್ರತಿಯನ್ನು ಕಡತಕ್ಕೆ ಹಾಕಿ.

ಕೀಲಿಮಣೆಯಲ್ಲಿ ಇಂಥ ಕೋಷ್ಟಕವೂ ಇಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ನಾಡಿನ ಕಚೇರಿಗಳನ್ನು ಮುಟ್ಟಿತು. ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಅದು ಕಗಪ (ಕನ್ನಡ ಗಣಕ ಪರಿಷತ್ತು) ಎಂದಿದೆ. ಹಿಂದಿ, ಮರಾಠಿ, ಸಂಸ್ಕೃತಕ್ಕೂ ಅದೇ ಹೆಸರಿನ ವಿನ್ಯಾಸಗಳಿವೆ. ವಿಕಿಪೀಡಿಯದ ಟೈಪಿಂಗ್ ಆಯ್ಕೆಯಲ್ಲಿ ಪರಿಷತ್ತಿನ ಹೆಸರು, ನುಡಿ, ಕೆ. ಪಿ. ರಾವ್ ಮೂರನ್ನೂ ಓರೆಗೆರೆ ಹಾಕಿ ಒಟ್ಟಿಗೆ ಕೊಟ್ಟಿದ್ದಾರೆ. ಅದೇ ಸರಿಯಾದ ದಾರಿ ಎನ್ನುತ್ತೇವೆ ನಾವು. ಜನ ಹುಡುಕುವ ಹೆಸರು ಒಂದಿರಲಿ, ರೂಪಿಸಿದವರ ಹೆಸರೂ ಅದೇ ಸಾಲಿನಲ್ಲಿರಲಿ. ನೀವು ಮುಂದೆ ಒಂದು ವಿನ್ಯಾಸವನ್ನು ಅಧಿಕೃತವೆಂದು ಸಾರುವ ಆದೇಶದಲ್ಲಿ, ಅದನ್ನು ರೂಪಿಸಿದವರು ಯಾರು, ಯಾವ ಬದಲಾವಣೆಯೊಂದಿಗೆ ಅಳವಡಿಸಲಾಗಿದೆ ಎಂಬ ಎರಡು ವಾಕ್ಯ ಸೇರಿಸಿ. ಲಿನಕ್ಸ್, ಆಂಡ್ರಾಯ್ಡ್‌ಗಳಲ್ಲಿ ಅಳವಡಿಸುವ ಸ್ವಯಂಸೇವಕರು ತಮ್ಮ ಫೈಲಿನ ಮೇಲುಗಡೆ ಬರೆಯಲು ಆ ಆದೇಶವನ್ನೇ ನೋಡುತ್ತಾರೆ.

ಶ್ರೇಯವನ್ನು ಪರವಾನಗಿಯ ಬಲದಿಂದಲೇ ಕೊಡಿಸೋಣ ಎಂಬ ಯೋಚನೆ ಬಂದರೆ, ಅದನ್ನು ಪ್ರಯೋಗಿಸಿ ಕೈಬಿಟ್ಟಾಗಿದೆ ಎಂಬುದೂ ಗೊತ್ತಿರಲಿ. ಹಳೆಯ ಬಿಎಸ್‌ಡಿ ಪರವಾನಗಿಯಲ್ಲಿ, ಜಾಹೀರಾತಿನಲ್ಲೂ ಬರ್ಕ್ಲಿ ವಿಶ್ವವಿದ್ಯಾಲಯವನ್ನು ಸ್ಮರಿಸಬೇಕೆಂಬ ಷರತ್ತಿತ್ತು. ಅದನ್ನು ನೋಡಿ ಉಳಿದವರೂ ತಂತಮ್ಮ ಹೆಸರಿನ ಸಾಲು ಸೇರಿಸಿದರು. ನೆಟ್‌ಬಿಎಸ್‌ಡಿ ಎಂಬ ಕಾರ್ಯಾಚರಣೆ ವ್ಯವಸ್ಥೆಯ 1997ರ ಒಂದು ಆವೃತ್ತಿಯಲ್ಲಿ ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್ಮನ್ ಎಣಿಸಿದಾಗ ಅಂಥ 75 ಸಾಲುಗಳಿದ್ದವು. 1999ರಲ್ಲಿ ಬರ್ಕ್ಲಿಯೇ ಷರತ್ತನ್ನು ತೆಗೆಯಿತು. 2004ರಲ್ಲಿ, ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ತಂತ್ರಾಂಶ ಎಕ್ಸ್‌ಫ್ರೀ86 ಹೊಸ ಪರವಾನಗಿಯಲ್ಲಿ ಇಂಥದ್ದೇ ಶ್ರೇಯದ ಷರತ್ತು ತಂದಾಗ, ಅದು ಜಿಪಿಎಲ್‌ಗೆ ಹೊಂದುವುದಿಲ್ಲವೆಂದು ಲಿನಕ್ಸ್ ವಿತರಕರು ಅದರಿಂದಲೇ ಕವಲೊಡೆದ ಎಕ್ಸ್.ಆರ್ಗ್ ಕಡೆ ಹೋದರು. ಜಾಹೀರಾತಿನಲ್ಲಿ ಹೆಸರು ಹಾಕಿ ಎಂದು ಒತ್ತಾಯಿಸಿದರೆ ಜನ ಬೇರೆ ತಂತ್ರಾಂಶ ಹುಡುಕುತ್ತಾರೆ. ಶ್ರೇಯ ಉಳಿಯಬೇಕಾದದ್ದು ಕೆಲಸದ ದಾಖಲೆಯಲ್ಲೇ.

ಆ ದಾಖಲೆ ಎಂದರೆ ಗಿಟ್ ಇತಿಹಾಸ (ಕೋಡಿನ ಪ್ರತಿ ಬದಲಾವಣೆಯನ್ನೂ ಯಾರು, ಯಾವಾಗ ಮಾಡಿದರೆಂದು ಗಿಟ್ ಎಂಬ ಸಲಕರಣೆ ಇಡುವ ಲೆಕ್ಕ; ಅದರ ಒಂದೊಂದು ನಮೂದೂ ಒಂದು ಕಮಿಟ್), ಅದನ್ನು ಅಳಿಸುವ ದೊಡ್ಡ ಕಾರಣ ಜಿಪ್ ಫೈಲು. ಗುತ್ತಿಗೆದಾರ ಕೊನೆಯಲ್ಲಿ ಕೋಡನ್ನು ಜಿಪ್ ಮಾಡಿ ಒಪ್ಪಿಸುತ್ತಾನೆ, ಇಲಾಖೆಯ ಒಬ್ಬರು ಅದನ್ನು ಬಿಚ್ಚಿ ಒಂದೇ ಕಮಿಟ್ ಆಗಿ ಏರಿಸುತ್ತಾರೆ. ಎರಡು ವರ್ಷ ಏಳೆಂಟು ಜನ ಮಾಡಿದ ಕೆಲಸ, ಅಪ್‌ಲೋಡ್ ಮಾಡಿದ ಒಬ್ಬರ ಹೆಸರಿನಲ್ಲಿ, ಒಂದೇ ದಿನಾಂಕದಲ್ಲಿ ನಿಲ್ಲುತ್ತದೆ. ಮುಂದೆ ಯಾವ ಸಾಲು ಯಾಕೆ ಹಾಗಿದೆ ಎಂದು ಕೇಳಲು ಯಾರೂ ಸಿಗುವುದಿಲ್ಲ. ಮೂರನೆಯವರ ಕೋಡ್ ಸೇರಿಕೊಂಡಿದ್ದರೆ ಅದು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಒಪ್ಪಿಸಬೇಕಾದದ್ದು ಇತಿಹಾಸ ಸಮೇತ ಇಡೀ ರೆಪೊಸಿಟರಿ (ಕೋಡಿನ ಕಣಜ). ಜಾಲದ ಮೂಲಕ ಆಗದಿದ್ದರೆ ಗಿಟ್ ಬಂಡಲ್ ಎಂಬ ಒಂದೇ ಫೈಲಿನಲ್ಲಿ ಪೆನ್‌ಡ್ರೈವ್‌ಗೆ ಹಾಕಿ ಕೊಡಬಹುದು. ಪಡೆದವರು ಗಿಟ್ ಶಾರ್ಟ್‌ಲಾಗ್ ಆಜ್ಞೆಯನ್ನು ಹೆಸರು, ಇಮೇಲ್, ಎಣಿಕೆ ತೋರಿಸುವಂತೆ ಓಡಿಸಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಅಲ್ಲಿ ಒಂದೇ ಹೆಸರಿದ್ದು ತಂಡದಲ್ಲಿ ಆರು ಜನರಿದ್ದರೆ ವಾಪಸ್ ಕಳಿಸಿ.

ಇತಿಹಾಸ ಉಳಿದರೂ ಅದರೊಳಗೆ ಹೆಸರು ಕಳೆಯುವ ಜಾಗಗಳಿವೆ. ಗಿಟ್ ಪ್ರತಿ ಕಮಿಟ್‌ನಲ್ಲೂ ಬರೆದವರು ಮತ್ತು ಸೇರಿಸಿದವರು ಎಂದು ಎರಡು ಹೆಸರು ಇಡುತ್ತದೆ. ಇಮೇಲಿನಲ್ಲಿ ಬಂದ ಪ್ಯಾಚನ್ನು (ಬದಲಾವಣೆಯ ತುಣುಕನ್ನು) ಗಿಟ್‌ನ ಎಎಂ ಆಜ್ಞೆಯಿಂದ ಸೇರಿಸಿದರೆ ಬರೆದವರ ಹೆಸರು ಉಳಿಯುತ್ತದೆ. ನಿರ್ವಾಹಕರು ಆ ಬದಲಾವಣೆಯನ್ನು ಕೈಯಾರೆ ನಕಲಿಸಿ ಕಮಿಟ್ ಮಾಡಿದರೆ ಎರಡೂ ಕಡೆ ಅವರದೇ ಹೆಸರು. ಹಲವರ ಕಮಿಟ್‌ಗಳನ್ನು ಹಿಂಡಿ ಒಂದು ಮಾಡುವ ಸ್ಕ್ವಾಶ್ ಮಾಡುವಾಗಲೂ ಇದೇ ಅಪಾಯ. ಗಿಟ್‌ಹಬ್ ಉಳಿದವರನ್ನು ಕೋ-ಆಥರ್ಡ್-ಬೈ (ಜೊತೆಗೆ ಬರೆದವರು) ಎಂಬ ಸಾಲುಗಳಾಗಿ ಸಂದೇಶದ ಕೊನೆಗೆ ಸೇರಿಸುತ್ತದೆ, ಸಂದೇಶವನ್ನು ಚೊಕ್ಕ ಮಾಡಲು ಹೋದವರು ಅವನ್ನೇ ಅಳಿಸುತ್ತಾರೆ. ಆ ಸಾಲು ಸಂದೇಶದ ತೀರಾ ಕೊನೆಯಲ್ಲಿ, ಮೇಲೊಂದು ಖಾಲಿ ಸಾಲು ಬಿಟ್ಟು, ಒಬ್ಬರಿಗೆ ಒಂದು ಸಾಲಿನಂತೆ, ಅವರ ಖಾತೆಗೆ ಸೇರಿದ ಇಮೇಲಿನೊಂದಿಗೆ ಇರಬೇಕು; ಇಮೇಲ್ ಬೇರೆಯಾದರೆ ಹೆಸರು ಅವರ ಖಾತೆಗೆ ತಗುಲುವುದಿಲ್ಲ. ದೋಷ ಹುಡುಕಿ ಹೇಳಿದವರು, ಪರೀಕ್ಷಿಸಿದವರು, ಪರಿಶೀಲಿಸಿದವರಿಗೂ ಲಿನಕ್ಸ್‌ನ ತಿರುಳಾದ ಕರ್ನಲ್ ಯೋಜನೆಯಲ್ಲಿ ಬೇರೆಬೇರೆ ಸಾಲುಗಳಿವೆ. ಪ್ಯಾಚನ್ನು ಸೇರಿಸುವವರು ಚೂರು ತಿದ್ದಿದರೆ, ಏನು ತಿದ್ದಿದೆ ಎಂದು ಚೌಕಾವರಣದಲ್ಲಿ ತಮ್ಮ ಇಮೇಲಿನ ಜೊತೆ ಒಂದು ಸಾಲು ಬರೆಯುವ ರೂಢಿ ಅಲ್ಲಿದೆ. ಬರೆದವರ ತಲೆಗೆ ಇನ್ನೊಬ್ಬರ ತಪ್ಪು ಬಾರದಂತೆ ಕಾಯುವ ಒಳ್ಳೆಯ ರೂಢಿ ಅದು.

ಅನುವಾದಕರ ಹೆಸರು ಹೋಗುವ ವೇಗಕ್ಕೆ ಸಾಟಿಯಿಲ್ಲ. ಅನುವಾದದ ಪಿಒ ಫೈಲಿನ ತಲೆಬರಹದಲ್ಲಿ ಕೊನೆಯ ಅನುವಾದಕರಿಗೆ ಮಾತ್ರ ಜಾಗ. ನಾಲ್ಕು ಸಾವಿರ ಸಾಲು ಅನುವಾದಿಸಿದವರ ಹೆಸರಿನ ಮೇಲೆ ನಾಳೆ ಒಂದು ಒತ್ತಕ್ಷರ ತಿದ್ದಿದವರ ಹೆಸರು ಬಂದು ಕೂರುತ್ತದೆ. ಹಳಬರ ಹೆಸರು ಮೇಲಿನ ಟಿಪ್ಪಣಿ ಸಾಲುಗಳಲ್ಲಿ ವರ್ಷದೊಂದಿಗೆ ಉಳಿಯಬೇಕು. ಲಿನಕ್ಸ್‌ನಲ್ಲಿ ಬಳಸುವ ಗ್ನೋಮ್ ಡೆಸ್ಕ್‌ಟಾಪ್‌ನ ತಂತ್ರಾಂಶಗಳಲ್ಲಿ ಅನುವಾದಕರ ಶ್ರೇಯಕ್ಕೆಂದೇ ಒಂದು ಸಾಲು ಅನುವಾದಕ್ಕೆ ಬರುತ್ತದೆ: ಅಲ್ಲಿ ಬರೆಯಬೇಕಾದದ್ದು ಆ ಪದಗಳ ಅನುವಾದವನ್ನಲ್ಲ, ಅನುವಾದಿಸಿದವರೆಲ್ಲರ ಹೆಸರುಗಳನ್ನು. ಅದೇ "ಕುರಿತು" ಕಿಟಕಿಯಲ್ಲಿ ಕಾಣುತ್ತದೆ.

ಕಾನೂನು ಏನೆನ್ನುತ್ತದೆ ಎಂದು ನಿಮ್ಮ ಕಾನೂನು ಶಾಖೆ ಕೇಳುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಸಾಹಿತ್ಯ ಕೃತಿಯೇ. ಬೇರೆ ಒಪ್ಪಂದ ಇಲ್ಲದಿದ್ದರೆ ಸರ್ಕಾರಿ ಕೃತಿಗೆ ಸರ್ಕಾರವೇ ಮೊದಲ ಒಡೆಯ ಎಂದು 17ನೇ ಸೆಕ್ಷನ್ ಹೇಳುತ್ತದೆ. ಆದರೆ 57ನೇ ಸೆಕ್ಷನ್ ಪ್ರಕಾರ, ಹಕ್ಕುಸ್ವಾಮ್ಯವನ್ನು ಪೂರ್ತಿ ಬಿಟ್ಟುಕೊಟ್ಟ ಮೇಲೂ ಕೃತಿಯನ್ನು ರಚಿಸಿದ್ದು ತಾನೆಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಉಳಿಯುತ್ತದೆ. ಈ ಸೆಕ್ಷನ್ ಸರ್ಕಾರಕ್ಕೂ ಅನ್ವಯಿಸುತ್ತದೆ: ವಿಜ್ಞಾನ ಭವನದ ಕಂಚಿನ ಭಿತ್ತಿಶಿಲ್ಪವನ್ನು ಕಿತ್ತು ಹಾಳುಮಾಡಿದ್ದಕ್ಕೆ ಶಿಲ್ಪಿ ಅಮರನಾಥ ಸೆಹಗಲ್ ಅವರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ದೆಹಲಿ ಹೈಕೋರ್ಟ್ 2005ರಲ್ಲಿ ಕೇಂದ್ರ ಸರ್ಕಾರಕ್ಕೆ ಆದೇಶಿಸಿತ್ತು. ಹೆಚ್ಚು ಜನ ಗಮನಿಸದ 19ನೇ ಸೆಕ್ಷನ್ ಇನ್ನೂ ಮುಖ್ಯ. ಹಕ್ಕು ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಗುತ್ತಿಗೆದಾರರಿಂದ ಹಾಗೆ ಪಡೆದ ಕೋಡನ್ನು ನೀವು ಇಡೀ ಜಗತ್ತಿಗೆ ಶಾಶ್ವತ ಪರವಾನಗಿ ಕೊಟ್ಟು ಬಿಡುಗಡೆ ಮಾಡಿದರೆ, ನಿಮ್ಮ ಬಳಿ ಇಲ್ಲದ್ದನ್ನು ಕೊಟ್ಟಂತೆ. ಅವಧಿ ಮತ್ತು ಪ್ರದೇಶವನ್ನು ಬರೆದೇ ಬರೆಯಿರಿ.

ಈಗಾಗಲೇ ಹೆಸರು ಬಿಟ್ಟುಹೋಗಿ ಮನಸ್ತಾಪ ಬೆಳೆದಿರುವ ಯೋಜನೆಗಳಿದ್ದರೆ, ಇತಿಹಾಸವನ್ನೇ ತಿದ್ದಿ ಬರೆಯಲು ಹೊರಡಬೇಡಿ. ಒಂದು ಹಳೆಯ ಕಮಿಟ್ ಬದಲಾದರೆ ಅದರ ನಂತರದ ಪ್ರತಿ ಕಮಿಟ್‌ನ ಗುರುತೂ ಬದಲಾಗುತ್ತದೆ. ಎಲ್ಲರ ಪ್ರತಿಗಳೂ, ಸಹಿ ಮಾಡಿದ ಬಿಡುಗಡೆಗಳೂ ಹೊಂದದೇ ಹೋಗುತ್ತವೆ. ಇಮೇಲ್ ಅಥವಾ ಕಾಗುಣಿತ ಬೇರೆಯಾಗಿ ಒಬ್ಬರೇ ಇಬ್ಬರಂತೆ ಕಾಣುತ್ತಿದ್ದರೆ, ಅವರು ಒಬ್ಬರೇ ಎಂದು ಗಿಟ್‌ಗೆ ತಿಳಿಸುವ ಮೇಲ್‌ಮ್ಯಾಪ್ ಫೈಲಿನಲ್ಲಿ ಒಂದು ಸಾಲು ಸಾಕು. ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಹೆಸರು ಬರೆದುಕೊಂಡವರು ನಮ್ಮಲ್ಲಿ ಬಹಳ, ಅವರಿಗೂ ಇದೇ ಉಪಾಯ. ಕಮಿಟ್‌ನಲ್ಲಿ ಹೆಸರೇ ಇಲ್ಲದವರಿಗೆ, ಕೆಲಸ ಮಾಡಿದವರ ಪಟ್ಟಿಯಾದ ಆಥರ್ಸ್ ಫೈಲಿನಲ್ಲಿ, ಯಾವ ಭಾಗ, ಯಾವ ವರ್ಷ ಎಂಬ ವಿವರದೊಂದಿಗೆ ಜಾಗ ಕೊಟ್ಟು, ಆ ತಿದ್ದುಪಡಿಯನ್ನು ಯಾಕೆ ಮಾಡಿದಿರಿ ಎಂದು ಕಮಿಟ್ ಸಂದೇಶದಲ್ಲಿ ಬರೆಯಿರಿ. ವಿವಾದವಿದ್ದರೆ ಎರಡೂ ಕಡೆಯವರಿಂದ ಹಳೆಯ ಫೈಲು, ಇಮೇಲು, ಬಿಡುಗಡೆಯ ದಿನಾಂಕಗಳನ್ನು ಲಿಖಿತವಾಗಿ ಪಡೆದು, ಆ ಯೋಜನೆಯಲ್ಲಿ ಪಾಲಿಲ್ಲದ ಇಬ್ಬರು ತಂತ್ರಜ್ಞರಿಗೆ ಕೊಡಿ, 30 ದಿನದ ಗಡುವು ಹಾಕಿ. ಅವರ ತೀರ್ಮಾನ ಬರುವವರೆಗೆ ಹೊಸ ಬಿಡುಗಡೆ ನಿಲ್ಲಬೇಕಿಲ್ಲ, ಯಾರ ಹೆಸರನ್ನೂ ಅಳಿಸಬಾರದು ಅಷ್ಟೆ.

ಮುಂದಿನ ಟೆಂಡರಿಗೆ ಸೇರಿಸಬೇಕೆಂದು ನಾವು ಕೇಳುವ ಒಕ್ಕಣೆ ಇದು: "ಯೋಜನೆಯ ಹೆಸರು, ಡೊಮೈನ್, ಖಾತೆಗಳು ಮತ್ತು ಸಹಿ ಕೀಲಿ ಇಲಾಖೆಯ ಹೆಸರಿನಲ್ಲಿರತಕ್ಕದ್ದು. ಹೆಸರು ಬಳಕೆಯ ನಿಯಮವನ್ನು ಮೊದಲ ಬಿಡುಗಡೆಯೊಂದಿಗೆ ಪ್ರಕಟಿಸತಕ್ಕದ್ದು. ಕೋಡನ್ನು ಪೂರ್ಣ ಗಿಟ್ ಇತಿಹಾಸದೊಂದಿಗೆ ಒಪ್ಪಿಸತಕ್ಕದ್ದು. ವಿನ್ಯಾಸ, ಅನುವಾದ, ಪರೀಕ್ಷೆ ಮಾಡಿದವರೂ ಸೇರಿ ಕೆಲಸ ಮಾಡಿದ ಪ್ರತಿ ವ್ಯಕ್ತಿಯ ಹೆಸರು, ಅವರ ಒಪ್ಪಿಗೆಯಿದ್ದಲ್ಲಿ, ಆಥರ್ಸ್ ಫೈಲಿನಲ್ಲಿಯೂ ತಂತ್ರಾಂಶದ ಕುರಿತು ಪುಟದಲ್ಲಿಯೂ ಇರತಕ್ಕದ್ದು. ಮೂಲ ಹಕ್ಕುಸ್ವಾಮ್ಯದ ಸಾಲುಗಳನ್ನು ಅಳಿಸತಕ್ಕದ್ದಲ್ಲ. ಹಕ್ಕು ವರ್ಗಾವಣೆ ಹಕ್ಕುಸ್ವಾಮ್ಯದ ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೆ ಅನ್ವಯಿಸತಕ್ಕದ್ದು. ಈ ಅಂಶಗಳನ್ನು ಪರಿಶೀಲಿಸಿದ ವರದಿ ಇಲ್ಲದೆ ಕೊನೆಯ ಕಂತು ಬಿಡುಗಡೆಯಾಗತಕ್ಕದ್ದಲ್ಲ."

ಕೊನೆಯ ವಾಕ್ಯವನ್ನು ದಯವಿಟ್ಟು ಕೈಬಿಡಬೇಡಿ. ಕಂತಿಗೆ ಕಟ್ಟದ ಷರತ್ತನ್ನು ಯಾರೂ ಪರಿಶೀಲಿಸುವುದಿಲ್ಲ.

ವಿಶ್ವಾಸಪೂರ್ವಕವಾಗಿ,
ಕನ್ನಡದ ಮುಕ್ತ ತಂತ್ರಾಂಶ, ಫಾಂಟ್ ಮತ್ತು ಅನುವಾದಗಳಲ್ಲಿ ಕೆಲಸ ಮಾಡುವವರು